ಸೋತವರು ಮೊದಲು ಬರೆಯಬೇಕು

ಸೇಂಟ್ ಬ್ರೂನೊ, ಮೇನ್
19 ಜನವರಿ 1981

ಮಿಸ್ಟರ್ ವಿಟ್ಕಂ ಅವರಿಗೆ,

ನಾನು ಒಡೆಟ್ ಡೇಗಲ್. ಶನಿವಾರ ನಿಮ್ಮ ಹಾರ್ಲೋ ಕಾಲೇಜಿನ ಹುಡುಗಿಯರ ಕೈಯಲ್ಲಿ ಒಂಬತ್ತು–ಸೊನ್ನೆ ಏಟು ತಿಂದ ತಂಡದ ಕೋಚ್. ಆಟ ಮುಗಿದ ಮೇಲೆ ಕೈಕುಲುಕುವ ಸಾಲಿನಲ್ಲಿ ನಿಮ್ಮ ಕೈ ಮುಟ್ಟದೆ ಮುಂದೆ ಹೋದವಳು. ಅದು ಮರೆವಲ್ಲ, ಬೇಕೆಂದೇ ಮಾಡಿದ್ದು. ಯಾಕೆಂದು ತಿಳಿಸದಿದ್ದರೆ ನನಗೆ ಊಟ ಸೇರುವುದಿಲ್ಲ, ಅದಕ್ಕೆ ಈ ಕಾಗದ.

ಒಂಬತ್ತು ಗೋಲು ಹೊಡೆದಿರೆಂದು ಸಿಟ್ಟಿಲ್ಲ. ಹತ್ತನೆಯದು ಹೊಡೆಯಲಿಲ್ಲವೆಂದು ಸಿಟ್ಟು. ಕೊನೆಯ ಅವಧಿ ಶುರುವಾದಾಗ ನೀವು ಬೆಂಚಿನಿಂದ, "ಇನ್ನು ಗೋಲಿಗೆ ಹೊಡೀಬೇಡಿ, ಸುಮ್ನೆ ಪಾಸ್ ಮಾಡ್ತಾ ಇರಿ" ಎಂದು ಕೂಗಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಇಡೀ ಅವಧಿ ನಿಮ್ಮವರು ಪಕ್ ಬಿಲ್ಲೆಯನ್ನು ಒಬ್ಬರಿಂದೊಬ್ಬರಿಗೆ ತಳ್ಳುತ್ತಾ ಐಸ್ ಮೇಲೆ ವಿಹಾರ ಮಾಡಿದರು. ನಮ್ಮವರು ಅದರ ಹಿಂದೆ ಓಡಿ ಓಡಿ ಬೆವರಿದರು. ಗ್ಯಾಲರಿಯಲ್ಲಿದ್ದವರು ನಕ್ಕರು.

ನನ್ನ ಹುಡುಗಿಯರಲ್ಲಿ ಹೆಚ್ಚಿನವರು ಆಲೂಗಡ್ಡೆ ಬೆಳೆಯುವ ಮನೆಗಳವರು. ಅಣ್ಣಂದಿರ ಹಳೆಯ ಸ್ಕೇಟಿನೊಳಗೆ ಎರಡೆರಡು ಉಣ್ಣೆ ಕಾಲುಚೀಲ ತುರುಕಿಕೊಂಡು ಆಡುತ್ತಾರೆ. ಸೋಲು ಅವರಿಗೆ ಹೊಸದಲ್ಲ. ಆದರೆ ಇದುವರೆಗೆ ಯಾರೂ ಅವರಿಗೆ ಭಿಕ್ಷೆ ಹಾಕಿರಲಿಲ್ಲ. ಮುಂದಿನ ಸಲ ಹದಿನೈದು ಹೊಡೆಯಿರಿ. ಕರುಣೆ ಮಾತ್ರ ಬೇಡ.

ಒಡೆಟ್ ಡೇಗಲ್
ಕೋಚ್, ಮಹಿಳಾ ಐಸ್ ಹಾಕಿ, ಸೇಂಟ್ ಬ್ರೂನೊ ಕಾಲೇಜು


ಹಾರ್ಲೋ, ವರ್ಮಾಂಟ್
27 ಜನವರಿ 1981

ಮಿಸ್ ಡೇಗಲ್,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಒಮ್ಮೆ ನಿಂತು, ಒಮ್ಮೆ ಕೂತು. ನಾನು ಮಾಡಿದ್ದು ಒಳ್ಳೆಯತನ ಅಂದುಕೊಂಡಿದ್ದೆ. ನಿಂತು ಓದುವಾಗಲೂ ಹಾಗೇ ಅನ್ನಿಸಿತ್ತು. ಕೂತ ಮೇಲೆ ಅನ್ನಿಸಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಮಾರ್ಥಾಗೆ ಓದಿ ಹೇಳಿದೆ. "ಈ ಹೆಂಗಸಿನ ಪರಿಚಯ ಬಿಡ್ಬೇಡಿ. ನಿಮಗೆ ಬುದ್ಧಿ ಹೇಳೋಕೆ ನಾನೊಬ್ಬಳೇ ಸಾಕಾಗ್ತಿಲ್ಲ" ಎಂದಳು. ಆದ್ದರಿಂದ ಒಂದು ಏರ್ಪಾಡು ಸೂಚಿಸುತ್ತೇನೆ. ನಮ್ಮ ಎರಡು ತಂಡಗಳು ಆಡಿದಾಗಲೆಲ್ಲ ಸೋತವರು ಮೊದಲು ಬರೆಯಬೇಕು. ಏನು ಬೇಕಾದರೂ ಬರೆಯಬಹುದು: ಬೈಗುಳ, ಗೊಣಗಾಟ, ರೆಫರಿಯ ಕಣ್ಣಿನ ದೋಷ. ಗೆದ್ದವರು ಎದುರಾಡದೆ ಓದಿ ಆಮೇಲೆ ಉತ್ತರಿಸಬೇಕು. ನೀವು ಈಗಾಗಲೇ ಶುರು ಮಾಡಿಬಿಟ್ಟಿರುವುದರಿಂದ ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ.

ಮುಂದಿನ ಸಲ ಹದಿನೈದು ಹೊಡೆಯುತ್ತೇವೆ. ಜೊತೆಗೆ ಒಂದು ಡಬ್ಬ ಮೇಪಲ್ ಸಿರಪ್ ಕಳಿಸಿದ್ದೇನೆ. ಅದು ಕರುಣೆಯಲ್ಲ, ನಮ್ಮ ಹಿತ್ತಲ ಮರದ್ದು.

ಆಲ್ಡನ್ ವಿಟ್ಕಂ


ಸೇಂಟ್ ಬ್ರೂನೊ
18 ನವೆಂಬರ್ 2002

ಆಲ್ಡನ್,

ಸೋತಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ಮೀರಿತು, ಇನ್ನೂ ಈ ಕೆಲಸ ಅಭ್ಯಾಸವಾಗಿಲ್ಲ. ನಾಲ್ಕು–ಒಂದು. ಅದರಲ್ಲಿ ನಿಮ್ಮ ಮೂರನೆಯ ಗೋಲು ಗೋಲೇ ಅಲ್ಲ. ನಿನ್ನ ಹುಡುಗಿ ಕಾಲಲ್ಲಿ ಒದ್ದು ಒಳಗೆ ಹಾಕಿದ್ದನ್ನು ಇಡೀ ವರ್ಮಾಂಟ್ ನೋಡಿತು, ರೆಫರಿಯೊಬ್ಬನನ್ನು ಬಿಟ್ಟು.

ಬರುವಾಗ ಬಸ್ಸಿನ ಹೀಟರ್ ಕೆಟ್ಟಿತು. ಅರ್ಧ ದಾರಿಯಲ್ಲಿ ಕುದುರೆಯೆತ್ತರದ ಒಂದು ಮೂಸ್ ಜಿಂಕೆ ರಸ್ತೆಗೆ ಅಡ್ಡ ನಿಂತು, ನಮ್ಮ ಅಂಕ ಗೊತ್ತಿದ್ದಂತೆ ಮುಖ ನೋಡಿತು. ನನ್ನ ಎರಡು ಮೊಣಕಾಲೂ ಕೈಕೊಟ್ಟಿವೆ. ಬಸ್ಸಿನಿಂದ ಇಳಿಯಲು ಜೋಸೆ ಕೈ ಹಿಡಿಯಬೇಕಾಯಿತು, ಅದೇ ನಮ್ಮ ಕ್ಯಾಪ್ಟನ್, ಕೆಂಪು ಜಡೆಯವಳು. "ಕೋಚ್, ಮುಂದಿನ ಸಲ ನಿಮ್ಮನ್ನ ಸ್ಟಿಕ್ಕಿನ ಚೀಲದಲ್ಲೇ ಹಾಕ್ಕೊಂಡು ಬರ್ತೀವಿ, ಟಿಕೆಟ್ಟೂ ಉಳಿಯುತ್ತೆ" ಅಂತಾಳೆ. ಸಾಕಾಗಿದೆ ಮಹಾರಾಯ. ಯಾರಾದರೂ ಬಂದು ಈ ಸೀಟಿ ತೆಗೆದುಕೊಂಡು ಹೋದರೆ ಸಾಕು, ಹೊದ್ದುಕೊಂಡು ಮಲಗಿಬಿಡುತ್ತೇನೆ ಅನ್ನಿಸುತ್ತದೆ.

ಇಲ್ಲಿ ಹೊಸ ಕ್ರೀಡಾ ನಿರ್ದೇಶಕ ಬಂದಿದ್ದಾನೆ, ಟಾಡ್ ಬ್ರಾನಿಗನ್. ಹಲ್ಲು ಚೆನ್ನಾಗಿದೆ. ಗಂಡುಹುಡುಗರ ತಂಡಕ್ಕೂ ಹೊಸ ಕೋಚನ್ನು ತಂದಿದ್ದಾನೆ. ಇಬ್ಬರೂ ಸೇರಿ ನಮ್ಮ ಪ್ರಾಕ್ಟೀಸಿನ ಹೊತ್ತಾದ ಸಂಜೆ ನಾಲ್ಕು ಗಂಟೆಯ ಐಸ್ ಮೇಲೆ ಕಣ್ಣಿಟ್ಟಿದ್ದಾರೆಂದು ನನಗೆ ವಾಸನೆ ಬಡಿಯುತ್ತಿದೆ. ಆ ನಾಲ್ಕು ಗಂಟೆ ಹೇಗೆ ಬಂತೆಂದು ನಿನಗೆ ಗೊತ್ತು. ಮೊದಲೆಲ್ಲ ನಮಗೆ ಸಿಗುತ್ತಿದ್ದದ್ದು ಬೆಳಗಿನ ಐದೂವರೆ, ಮಿಕ್ಕ ಹೊತ್ತೆಲ್ಲ ಹುಡುಗರದು. ಅರ್ಜಿ ಕೊಟ್ಟೆ, ಬೇಡಿಕೊಂಡೆ, ಜಗಳವಾಡಿದೆ. ಕೊನೆಗೆ ಒಂದು ಚಳಿಗಾಲ ನಮ್ಮ ಹುಡುಗಿಯರು ದಿನಾ ಬೆಳಗಿನ ಐದಕ್ಕೆ ಕಾಲೇಜಿನ ಅಧ್ಯಕ್ಷರ ಮನೆಯ ಗಂಟೆ ಬಾರಿಸಿ, "ಗುಡ್ ಮಾರ್ನಿಂಗ್ ಸರ್, ಪ್ರಾಕ್ಟೀಸಿಗೆ ಹೊರಟಿದೀವಿ" ಎಂದು ಹೇಳಿ ಹೋಗತೊಡಗಿದರು. ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಹಿಮ ಕರಗುವ ಮೊದಲೇ ನಾಲ್ಕು ಗಂಟೆ ನಮ್ಮದಾಯಿತು. ಅದನ್ನು ಈ ಹಲ್ಲಿನವನಿಗೆ ಬಿಟ್ಟುಕೊಡುತ್ತೇನೆಯೇ?

ಒಡೆಟ್


ಹಾರ್ಲೋ
26 ನವೆಂಬರ್ 2002

ಒಡೆಟ್,

ಮೂರನೆಯ ಗೋಲು ಕಾಲಿನದೇ. ನಾನೂ ನೋಡಿದೆ. ರೆಫರಿಗೆ ಹೇಳಲಿಲ್ಲ. ಕರುಣೆ ಬೇಡ ಅಂದವಳು ನೀನೇ.

ನಿನ್ನ ಮೊಣಕಾಲಿನ ಸುದ್ದಿ ಓದಿ ಮನಸ್ಸಿಗೆ ಕಷ್ಟವಾಯಿತು. ನೀನು ಹೀಗೆ ಬರೆದದ್ದು ಇದೇ ಮೊದಲು, ಅಥವಾ ನಾನು ಗಮನಿಸಿದ್ದು ಇದೇ ಮೊದಲು. ಮಾರ್ಥಾ ಮುಲಾಮು ಕಳಿಸಿದ್ದಾಳೆ. ಕುದುರೆಗೆ ಹಚ್ಚುವುದು, ಆದರೆ ಕೆಲಸ ಮಾಡುತ್ತದೆ.

ನನ್ನ ಸಹಾಯಕಿ ಕೆರಿ ಲಂಡ್ ನೀನು ಹೇಗಿದ್ದೀ ಎಂದು ಕೇಳಿದಳು. ಹತ್ತಿರ ಹತ್ತು ವರ್ಷದಿಂದ ನನ್ನ ಪಕ್ಕ ನಿಂತಿದ್ದಾಳೆ, ಇನ್ನು ಅವಳಿಗೂ ಸ್ವಂತ ತಂಡ ಬೇಕು. ಕೆಲವರು ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅಂಥವರ ಪರವಾಗಿ ಬೇರೆಯವರೇ ಕೇಳಬೇಕಾಗುತ್ತದೆ.

ಚಳಿ ಜೋರಾಗಿದೆ. ಹುಷಾರಾಗಿರು.

ಆಲ್ಡನ್


ಸೇಂಟ್ ಬ್ರೂನೊ
20 ಜನವರಿ 2003

ಆಲ್ಡನ್,

ನಿಯಮ ಮುರಿಯುತ್ತಿದ್ದೇನೆ. ಗೆದ್ದವಳು ನಾನು, ಆದರೂ ಮೊದಲು ಬರೆಯುತ್ತಿದ್ದೇನೆ. ಪೋರ್ಟ್‌ಲೆಂಡ್ ಪಂದ್ಯಾವಳಿ, ಮೂರು–ಎರಡು. ಮರೆತಿದ್ದರೆ ನೆನಪಿಸುತ್ತೇನೆ: ಕೊನೆಯ ಗೋಲು ಜೋಸೆಯದು, ನಿನ್ನ ಗೋಲ್‌ಕೀಪರಳ ಕಾಲ ಸಂದಿಯಿಂದ. ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೇನೆ. "ವರ್ಮಾಂಟಿಂದ ಏನೂ ಬಂದಿಲ್ಲ ಮೇಡಂ. ಪಾಪ, ಸೋತು ಹಾಸಿಗೆ ಹಿಡಿದಿರ್ಬೇಕು" ಎಂದು ಅವನೂ ಆಡಿಕೊಳ್ಳುತ್ತಾನೆ. ನೀನು ಯಾವತ್ತೂ ತಪ್ಪಿಸಿದವನಲ್ಲ. ಮಾರ್ಥಾಗೆ ಹುಷಾರಿಲ್ಲವೇ? ಹಾಗಿದ್ದರೆ ಈ ತಮಾಷೆಯನ್ನೆಲ್ಲ ಹೊಡೆದುಹಾಕು.

ಇಲ್ಲಿ ಬೆಂಕಿ ಬಿದ್ದಿದೆ. ಟಾಡ್ ನನ್ನನ್ನು ಊಟಕ್ಕೆ ಕರೆದ. ಬಿಳಿ ಮೇಜುಬಟ್ಟೆ ನೋಡಿದಾಗಲೇ ಅನುಮಾನ ಬಂತು.

"ಕೋಚ್, ನಮ್ಮ ಐಸ್ ರಿಂಕಿಗೆ ನಿಮ್ಮ ಹೆಸರು ಇಡ್ಬೇಕು ಅಂತಿದೀವಿ. ಬಾಗಿಲ ಮೇಲೆ, ದೊಡ್ಡ ಅಕ್ಷರದಲ್ಲಿ."

"ಯಾಕಪ್ಪ, ನಾನು ಸತ್ತಿದೀನಾ?"

"ಛೆ ಛೆ! ಗೌರವ ಅಷ್ಟೇ. ಮಾರ್ಚಲ್ಲಿ ನಿಮ್ಮ ನಿವೃತ್ತಿ ಸಮಾರಂಭ, ಅವತ್ತೇ ಬೋರ್ಡು ಹಾಕೋದು."

"ನಿವೃತ್ತಿ ಅಂತ ಯಾರು ಹೇಳಿದ್ದು?"

"ನೀವೇ ಸುಸ್ತಾಗಿದೀರಂತೆ. ಯಾರಾದ್ರೂ ಬಂದು ಸೀಟಿ ತಗೊಂಡ್ರೆ ಸಾಕು ಅಂದ್ರಂತೆ. ನಿಮಗೆ ತುಂಬಾ ಬೇಕಾದವರೇ ಹೇಳಿದ್ದು. ಬೇರೆ ಒಬ್ಬರ ಹೆಸರೂ ಸೂಚಿಸಿದಾರೆ."

ಬಾಯಲ್ಲಿದ್ದ ತುತ್ತು ನುಂಗುವಷ್ಟರಲ್ಲಿ ಎರಡನೆಯದನ್ನು ಹೇಳಿದ: ಫೆಬ್ರವರಿ ಮೂರರಿಂದ ನಾಲ್ಕು ಗಂಟೆ ಹುಡುಗರಿಗೆ, ನಮಗೆ ಮತ್ತೆ ಬೆಳಗಿನ ಐದೂವರೆ. ನಮ್ಮಲ್ಲಿ ಅರ್ಧ ಜನ ನರ್ಸಿಂಗ್ ಓದುವವರು ಆಲ್ಡನ್, ಅವರಿಗೆ ಆಸ್ಪತ್ರೆಯ ಪಾಳಿ ಬೆಳಗಿನ ಆರಕ್ಕೆ. ಐದೂವರೆಗೆ ಐಸ್ ಅಂದರೆ ಒಂದೋ ಓದು ಬಿಡಬೇಕು, ಇಲ್ಲವೇ ಆಟ ಬಿಡಬೇಕು. ಒಂದೇ ವರ್ಷದಲ್ಲಿ ತಂಡ ಉದುರಿಹೋಗುತ್ತದೆ. ಬಾಗಿಲ ಮೇಲೆ ನನ್ನ ಹೆಸರು, ಬಾಗಿಲ ಒಳಗೆ ನನ್ನ ಹುಡುಗಿಯರಿಗೆ ಜಾಗವಿಲ್ಲ. "ನಿಮ್ಮ ಬೋರ್ಡನ್ನ ನಿಮ್ಮ ಮನೆ ಬಚ್ಚಲ ಮೇಲೆ ಹಾಕ್ಕೊಳ್ಳಿ" ಎಂದು ಎದ್ದು ಬಂದೆ. ಮೀನು ಚೆನ್ನಾಗಿತ್ತು, ಅದೊಂದೇ ಬೇಸರ.

ಆ ಬೇಕಾದವರು ಯಾರೆಂದು ನನಗೆ ಗೊತ್ತು. ನನ್ನ ಅಣ್ಣ ನಾರ್ಮಂಡ್. ಅವನ ಅಡಿಗೆಮನೆಯಲ್ಲಿ ಕೂತು ಮೊಣಕಾಲಿಗೆ ಬಿಸಿನೀರ ಚೀಲ ಇಟ್ಟುಕೊಂಡು ನಾನು ಗೊಣಗಿದ್ದು ನಿಜ. ಟಾಡ್ ಅವನ ಹತ್ತಿರವೇ ಆಲೂಗಡ್ಡೆ ಕೊಳ್ಳುತ್ತಾನೆ. ಆವತ್ತಿನಿಂದ ಅಣ್ಣನ ಮನೆಗೆ ಕಾಲಿಟ್ಟಿಲ್ಲ. ಭಾನುವಾರ ಚರ್ಚಿನಲ್ಲಿ ಪಕ್ಕ ಬಂದು ಕೂತ, ನಾನು ಎದ್ದು ಬೇರೆ ಬೆಂಚಿಗೆ ಹೋದೆ. ಮನೆ ಬಾಗಿಲಿಗೆ ಬಿಸಿ ಪ್ಲಾಯ್ ದೋಸೆ ತಂದಿಟ್ಟು ಹೋಗಿದ್ದ. ಅದನ್ನೂ ವಾಪಸು ಕಳಿಸಿದೆ. ಒಡಹುಟ್ಟಿದವನು, ಆಲ್ಡನ್! ಹೊರಗಿನವನು ಯಾರೋ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಬರೆ. ನಿನ್ನ ಒಣ ಮಾತಾದರೂ ಸರಿ.

ಒಡೆಟ್


ಹಾರ್ಲೋ
27 ಜನವರಿ 2003

ಒಡೆಟ್,

ಮೂರು–ಎರಡು. ಸೋತವನು ನಾನು. ಮಾರ್ಥಾ ಚೆನ್ನಾಗಿದ್ದಾಳೆ.

ನಾರ್ಮಂಡನ ಮನೆಗೆ ಹೋಗಿ ಅವನು ಹಾಕಿದ್ದನ್ನು ತಿನ್ನು. ಅವನೇನೂ ಹೇಳಿಲ್ಲ. ಹೇಳಿದವನು ನಾನು.

ಡಿಸೆಂಬರಿನಲ್ಲಿ ಬ್ರಾನಿಗನ್ ಫೋನ್ ಮಾಡಿದ. ನಿನ್ನ ವಿಷಯ ತುಂಬಾ ಗೌರವದಿಂದ ಮಾತಾಡಿದ. "ಅವರ ಮನಸ್ಸಲ್ಲಿ ಏನಿದೆ ಅಂತ ನಮಗೆ ಹೇಳಲ್ಲ, ನಿಮಗೆ ಗೊತ್ತಿರ್ಬಹುದು" ಎಂದ. ನಿನ್ನ ನವೆಂಬರಿನ ಕಾಗದ ನನ್ನ ಮೇಜಿನ ಮೇಲೇ ಇತ್ತು. ಸುಸ್ತಾಗಿದ್ದಾಳೆ, ಬಿಡಬೇಕೆಂದಿದ್ದಾಳೆ, ಬಾಯಿಬಿಟ್ಟು ಹೇಳುವವಳಲ್ಲ ಎಂದೆ. ಕೆರಿಯ ಹೆಸರನ್ನೂ ಹೇಳಿದೆ. ನಾಲ್ಕು ಗಂಟೆಯ ಐಸ್ ವಿಷಯ ಅವನು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ನಿನಗೊಂದು ಉಪಕಾರ ಮಾಡಿದೆನೆಂದು ಪೋರ್ಟ್‌ಲೆಂಡಿನವರೆಗೂ ನಂಬಿದ್ದೆ. ಅಲ್ಲಿ ನೀನು ಬೆಂಚಿನ ಮೇಲೆ ಹತ್ತಿ ನಿಂತು ರೆಫರಿಗೆ ಕೈ ಬೀಸಿ ಬೈಯುವುದನ್ನು ನೋಡಿದೆ. ಬಿಡಬೇಕೆಂದಿರುವವರು ಹಾಗೆ ಬೈಯುವುದಿಲ್ಲ ಎಂದು ಆಗ ಹೊಳೆಯಿತು. ಆಮೇಲೆ ಬರೆಯಲು ಕೂತಾಗಲೆಲ್ಲ ಕೈ ಬರಲಿಲ್ಲ.

ಆಲ್ಡನ್


ಸೇಂಟ್ ಬ್ರೂನೊ
1 ಫೆಬ್ರವರಿ 2003

ಮಿಸ್ಟರ್ ವಿಟ್ಕಂ ಅವರಿಗೆ,

ನಿಮ್ಮ ಕಾಗದ ತಲುಪಿತು. ಸೋತವರು ಏನು ಬೇಕಾದರೂ ಬರೆಯಬಹುದು ಎಂದು ನಿಯಮ ಮಾಡಿದವರು ನೀವು. ಅದನ್ನು ನಂಬಿ ಇಷ್ಟು ವರ್ಷ ನನ್ನ ಗೊಣಗಾಟವನ್ನೆಲ್ಲ ನಿಮ್ಮ ಮುಂದೆ ಸುರಿದವಳು ನಾನು. ಅಣ್ಣನ ಅಡಿಗೆಮನೆ ಬಿಟ್ಟರೆ ಬೇರೆ ಎಲ್ಲಿಯೂ ಸುರಿದಿಲ್ಲ. ಗೊಣಗಾಟಕ್ಕೂ ರಾಜೀನಾಮೆಗೂ ಇರುವ ವ್ಯತ್ಯಾಸ ಐಸ್ ಮೇಲೆ ಮೊದಲ ಸಲ ಬಿದ್ದ ಆರು ವರ್ಷದ ಕೂಸಿಗೂ ಗೊತ್ತಿರುತ್ತದೆ. ಅದು ಅಳುತ್ತದೆ, ಮನೆಗೆ ಹೋಗೋಣ ಅನ್ನುತ್ತದೆ. ಕರೆದುಕೊಂಡು ಹೊರಟರೆ ಕಚ್ಚುತ್ತದೆ.

ಅಣ್ಣನ ಕಾಲು ಹಿಡಿದು ಬಂದಿದ್ದೇನೆ. ಅವನು ನಗುತ್ತಾನೆ, ನನಗೆ ನಗು ಬರುತ್ತಿಲ್ಲ.

22ರಂದು ನಿಮ್ಮ ತಂಡ ಇಲ್ಲಿಗೆ ಬರಬೇಕು, ನಮ್ಮ ಕೊನೆಯ ತವರು ಪಂದ್ಯ. ಐಸ್ ಮೇಲೆ ಸಿಗೋಣ. ಸಿರಪ್ ಡಬ್ಬ ತರಬೇಡಿ.

ಒ. ಡೇಗಲ್


ಹಾರ್ಲೋ
10 ಫೆಬ್ರವರಿ 2003

ಒಡೆಟ್,

ನೀನು ಉತ್ತರಿಸುವುದಿಲ್ಲವೆಂದು ಗೊತ್ತು. ಆದರೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಕೆರಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಾ, "ಕೋಚ್, ಅವರು ಇನ್ನೂ ನಿಂತಿರೋ ಜಾಗಕ್ಕೆ ನನ್ನನ್ನ ಕಳಿಸ್ತಿದ್ರಾ? ಹೋಗಿದ್ರೆ ಆ ಹೆಂಗಸು ನನ್ನನ್ನ ರುಬ್ಬಿ ಹಾಕ್ತಿದ್ರು, ನಾನೇ ಅವರಿಗೆ ಕಲ್ಲು ಎತ್ತಿ ಕೊಡ್ತಿದ್ದೆ" ಎಂದಳು. ತನಗೆ ಕೆಲಸ ಬೇಡವೆಂದು ಬ್ರಾನಿಗನ್‌ಗೆ ಬರೆದಿದ್ದಾಳೆ. ನಾನು ಹೇಳಿದ್ದು ತಪ್ಪು ಎಂದು ನಾನೂ ಬರೆದೆ. "ನಿಮ್ಮ ಕಾಳಜಿಗೆ ಧನ್ಯವಾದ, ನಿರ್ಧಾರ ಆಗಿದೆ" ಎಂದು ಉತ್ತರ ಬಂತು.

ನಿಮ್ಮ ರಿಂಕಿನಲ್ಲಿ ಏನಾಗುತ್ತಿದೆ? ನಿನ್ನ ಹುಡುಗಿಯರು ಐದೂವರೆಗೂ ಬರುತ್ತಿಲ್ಲ, ನಾಲ್ಕಕ್ಕೂ ಇಲ್ಲ, ಎಲ್ಲೋ ಬಯಲಲ್ಲಿ ಆಡುತ್ತಿದ್ದಾರೆ ಎಂದು ಬೇರೆ ಕೋಚ್ ಒಬ್ಬ ಹೇಳಿದ. ನಿಜವೇ?

ಆಲ್ಡನ್


ಹಾರ್ಲೋ
23 ಫೆಬ್ರವರಿ 2003, ಭಾನುವಾರ

ಒಡೆಟ್,

ಸೋತಿದ್ದೇನೆ. ಒಂದು–ಸೊನ್ನೆ. ಆದ್ದರಿಂದ ಮೊದಲು ಬರೆಯುವ ಹಕ್ಕು ನನ್ನದು. ನೀನು ನೋಡದ ಅರ್ಧವನ್ನು ಬರೆಯುತ್ತೇನೆ.

ನಿನ್ನೆ ಮೂರು ಗಂಟೆಗೆ ನಮ್ಮ ಬಸ್ಸು ನಿಮ್ಮ ರಿಂಕಿಗೆ ಬಂತು. ಯಾವಾಗಲೂ ಬಾಗಿಲಲ್ಲಿ ನಿಂತು, "ಬಂದ್ರಾ, ಕಳ್ಳ ಗೋಲಿನೋರು" ಎಂದು ಕೂಗುವವಳು ಕಾಣಲಿಲ್ಲ. ಮಾತು ಬಿಟ್ಟಿದ್ದಾಳೆ, ಸರಿ ಅಂದುಕೊಂಡೆ. ಬೆಂಚಿಗೆ ಹೋಗಿ ನೋಡಿದರೆ ನಿನ್ನ ಜಾಗದಲ್ಲಿ ಯಾರೋ ಹುಡುಗ ಕೋಟು ಹಾಕಿಕೊಂಡು ನಿಂತಿದ್ದ. ಓಣಿಯಲ್ಲಿ ಬ್ರಾನಿಗನ್ ಸಿಕ್ಕಿದ.

"ಕೋಚ್ ಡೇಗಲ್ ಎಲ್ಲಿ?"

"ಅವರನ್ನ ಇವತ್ತು ಬೆಂಚಿಂದ ದೂರ ಇಟ್ಟಿದೀವಿ ಸರ್. ಕಾಲೇಜಿನ ಒಪ್ಪಿಗೆ ಇಲ್ದೆ ತಂಡಾನ ಹೊರಗಡೆ ಆಡಿಸ್ತಿದ್ರು. ಶಿಸ್ತು ಅಂತ ಒಂದಿದೆಯಲ್ಲ."

"ಕೊನೆಯ ತವರು ಪಂದ್ಯ ಇದು."

"ಹೌದು, ತುಂಬಾ ಬೇಜಾರು. ಅವರೇ ಬೇಡ ಅಂತಿದ್ರಲ್ಲ, ನಿಮಗೇ ಗೊತ್ತಲ್ಲ ಸರ್."

ನನ್ನ ಮಾತನ್ನೇ ನನ್ನ ಬಾಯಿಗೆ ತುರುಕಿದ. ನಾನು ಜೋರಾಗಿ ಮಾತಾಡುವವನಲ್ಲ, ನಿನಗೆ ಗೊತ್ತು. ನಿನ್ನೆ ಮಾತಾಡಿದೆ. ನನ್ನ ದನಿ ಆ ಓಣಿಯಲ್ಲಿ ಪ್ರತಿಧ್ವನಿಸಿದ್ದು ಕೇಳಿ ನಾನೇ ಬೆಚ್ಚಿದೆ. "ಅವರು ಬೆಂಚಲ್ಲಿ ಇಲ್ದಿದ್ರೆ ನನ್ನ ತಂಡ ಐಸ್ ಮೇಲೆ ಇರಲ್ಲ" ಎಂದೆ. ಆಟಕ್ಕೆ ಇಳಿಯದ ತಂಡ ಒಂದು–ಸೊನ್ನೆಯಿಂದ ಸೋತ ಲೆಕ್ಕ ಎಂದು ಅವನು ನಿಯಮ ಓದಿದ. ನಿಯಮ ನನಗೆ ಗೊತ್ತಿತ್ತು.

ಆದರೆ ಸೋಲು ನನ್ನೊಬ್ಬನದಲ್ಲ. ಡ್ರೆಸ್ಸಿಂಗ್ ರೂಮಿಗೆ ಹೋಗಿ ಹುಡುಗಿಯರಿಗೆ ಎಲ್ಲವನ್ನೂ ಹೇಳಿದೆ, ನನ್ನ ಫೋನಿನ ಕಥೆಯನ್ನೂ ಸೇರಿಸಿ. ಇಳಿಯದಿದ್ದರೆ ಮುಂದಿನ ಸುತ್ತನ್ನು ನಮ್ಮ ಊರಲ್ಲಿ ಆಡುವ ಅವಕಾಶ ಹೋಗುತ್ತದೆ, ಬೇಡವೆಂದರೆ ಇಳಿಯೋಣ, ತೀರ್ಮಾನ ನಿಮ್ಮದು ಎಂದೆ. ನಮ್ಮ ಗೋಲ್‌ಕೀಪರ್ ಕಾಲಿನ ಪ್ಯಾಡು ಬಿಚ್ಚತೊಡಗಿದಳು. "ಪೋರ್ಟ್‌ಲೆಂಡಲ್ಲಿ ನನ್ನ ಕಾಲ ಸಂದೀಲಿ ಗೋಲು ಹಾಕಿದಾಗ ಆ ಕೋಚು ಬಂದು, 'ಮುಂದಿನ ಸಲ ಮಂಡಿ ಕೂಡಿಸು ಮಗಳೇ' ಅಂತ ಹೇಳಿಕೊಟ್ಟು ಹೋದ್ರು. ನಾನಂತೂ ಇಳಿಯಲ್ಲ" ಎಂದಳು. ಮಿಕ್ಕವರೂ ಸ್ಕೇಟು ಬಿಚ್ಚಿದರು.

ಓಣಿಗೆ ಬಂದರೆ ನಿನ್ನ ಜೋಸೆ ನಿಂತಿದ್ದಳು, ಹಿಂದೆ ನಿಮ್ಮ ತಂಡವೆಲ್ಲ. "ಮಿಸ್ಟರ್ ವಿಟ್ಕಂ, ಸ್ಕೇಟು ಚೀಲಕ್ಕೆ ಹಾಕ್ಬೇಡಿ, ಕೈಯಲ್ಲೇ ಇಟ್ಕೊಳ್ಳಿ. ಚರ್ಚಿನ ಹಿಂದೆ ಐಸ್ ಇದೆ. ನಡೆದ್ರೆ ಹತ್ತು ನಿಮಿಷ" ಎಂದಳು. ಮಿಕ್ಕದ್ದು ನಿನಗೆ ಗೊತ್ತು.

ಅಲ್ಲಿ ಏನಾಯಿತೋ ಅದು ದಾಖಲೆ ಪುಸ್ತಕಕ್ಕೆ ಸೇರುವುದಿಲ್ಲ. ಪುಸ್ತಕದಲ್ಲಿರುವುದು ಒಂದು–ಸೊನ್ನೆ. ನನ್ನ ಮೂವತ್ತು ವರ್ಷದ ಕೋಚ್ ಕೆಲಸದಲ್ಲಿ ಇಷ್ಟು ಹಿಗ್ಗಿನಿಂದ ಯಾವ ಸೋಲನ್ನೂ ಬರೆದುಕೊಟ್ಟಿಲ್ಲ.

ಸಿರಪ್ ಡಬ್ಬ ತಂದಿದ್ದೆ. ಕೊಡಲು ಧೈರ್ಯವಾಗದೆ ವಾಪಸು ತಂದೆ.

ಆಲ್ಡನ್


ಸೇಂಟ್ ಬ್ರೂನೊ
23 ಫೆಬ್ರವರಿ 2003, ಭಾನುವಾರ

ಆಲ್ಡನ್,

ಸೋತಿದ್ದೇನೆ. ಚರ್ಚಿನ ಹಿಂದೆ, ಐದು–ನಾಲ್ಕು. ಆದ್ದರಿಂದ ಮೊದಲು ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ನೀನು ಸೋತೆ ಎಂದು ನಿನ್ನ ತಲೆಯೊಳಗೆ ವಾದ ಹೂಡಿಕೊಂಡು ನೀನೂ ಈಗ ಬರೆಯುತ್ತಾ ಕೂತಿರುತ್ತೀ. ಬರೆದುಕೋ. ಎರಡು ಕಾಗದವೂ ದಾರಿಯಲ್ಲಿ ಎದುರುಬದುರಾಗಲಿ.

ಮೊದಲು ಜಗಳ ಮುಗಿಸುತ್ತೇನೆ. ಯಾರು ಕೇಳಿದ್ದರು ನಿನ್ನನ್ನು? 1981ರಲ್ಲಿ ನೀನು ಗೋಲು ಹೊಡೆಯಬೇಡಿ ಅಂದೆ, ಈಗ ಆಡುವುದೇ ಬೇಡ ಅಂದೆ. ನಾನು ದುಡಿಯದ ಗೆಲುವೊಂದನ್ನು ನನ್ನ ಲೆಕ್ಕಕ್ಕೆ ಕಟ್ಟಿದೆ. ಜೋಸೆ ಓಡಿ ಬಂದು, "ಅವರು ಇಳೀತಿಲ್ಲ ಕೋಚ್, ನಿಮಗೋಸ್ಕರ" ಎಂದಾಗ ನನಗೆ ಬಂದದ್ದು ಕಣ್ಣೀರಲ್ಲ, ಕೋಪ. ಕಣ್ಣೀರು ಆಮೇಲೆ ಬಂತು, ಅದಕ್ಕೂ ನಿನ್ನ ಮೇಲೆ ಕೋಪ.

ನೀನು ಬರುವ ಮೊದಲು ನಾನು ಚರ್ಚಿನ ಹಿಂದೆ ಹಿಮ ಗುಡಿಸುತ್ತಿದ್ದೆ. ರಿಂಕಿನೊಳಗೆ ಗ್ಯಾಲರಿಯಲ್ಲಿ ಕೂತು ನನ್ನ ಹುಡುಗಿಯರನ್ನು ನೋಡಲು ನನ್ನಿಂದಾಗಲಿಲ್ಲ. ಫೆಬ್ರವರಿ ಮೂರರಿಂದ ದಿನಾ ನಾಲ್ಕಕ್ಕೆ ನಾವು ಆಡುತ್ತಿದ್ದದ್ದು ಅಲ್ಲೇ. ಐಸ್ ಕಟ್ಟಿದ್ದು ನಾರ್ಮಂಡ್, ಆಲೂಗಡ್ಡೆ ಹೊಲಕ್ಕೆ ನೀರು ಹೊಡೆಯುವ ಟ್ಯಾಂಕರಿನಿಂದ. ತೆಳ್ಳಗೆ ಸಿಂಪಡಿಸು, ಅದು ಗಟ್ಟಿಯಾಗಲಿ, ಆಮೇಲೆ ಇನ್ನೊಂದು ಪದರ ಎಂದು ಬಡಿದುಕೊಂಡೆ. ತಂಗಿಯನ್ನು ಖುಷಿಪಡಿಸುವ ಆತುರ ಅವನಿಗೆ, ಒಂದೇ ಸಂಜೆ ಮೂರು ಟ್ಯಾಂಕು ಸುರಿದ. ಮೇಲೆ ಹೆಪ್ಪುಗಟ್ಟಿತು, ಕೆಳಗಿನ ನೀರು ಇಂಗಿತು, ನಡುವೆ ಪೊಳ್ಳು ಉಳಿಯಿತು. ಕಾಲಿಟ್ಟರೆ ಬಿಸ್ಕತ್ತಿನ ಹಾಗೆ ಪುಡಿ. ಎಲ್ಲ ಒಡೆದು ಮತ್ತೆ ಕಟ್ಟಿದೆವು, ಚರ್ಚಿನ ಗೋಡೆಯ ಹತ್ತಿರದ ಒಂದು ಮೂಲೆ ಮಾತ್ರ ಹಾಗೇ ಉಳಿಯಿತು.

ಆ ಮೂಲೆ ನಮ್ಮವರಿಗೆ ಗೊತ್ತು, ನಿಮ್ಮವರಿಗೆ ಗೊತ್ತಿಲ್ಲ. "ಪಕ್ಕನ್ನ ಆ ಕಡೆ ತಳ್ಳಿ, ಅವರೇ ಹೋಗಿ ಬೀಳ್ತಾರೆ" ಎಂದು ನಾನೇ ಹೇಳಿಕೊಟ್ಟೆ. ಮೋಸವೇ, ಒಪ್ಪಿಕೊಳ್ಳುತ್ತೇನೆ. ನಾಲ್ಕು–ನಾಲ್ಕು ಇದ್ದಾಗ ಆ ಮೂಲೆಗೆ ನುಗ್ಗಿ ಮೊಣಕಾಲವರೆಗೆ ಹುಗಿದುಕೊಂಡವಳು ಯಾರು? ನಮ್ಮ ಜೋಸೆ! ಗೆಲುವಿನ ಭರದಲ್ಲಿ ತಾನೇ ಮರೆತಳು. ಅವಳು ಅಲ್ಲಿ ಹುಗಿದು ನಿಂತು ಫ್ರೆಂಚಿನಲ್ಲಿ ಬೈಯುತ್ತಿದ್ದರೆ ನಿಮ್ಮ ಹುಡುಗಿ ಪಕ್ ಎತ್ತಿಕೊಂಡು ಹೋಗಿ ಐದನೆಯದು ಹೊಡೆದಳು. ಪಾದ್ರಿಗಳೇ ಕಿವಿ ಮುಚ್ಚಿಕೊಂಡರು. ನಾನು ನಿನ್ನ ಕಡೆ ನೋಡಿದೆ. "ನಿಲ್ಲಿಸಿ, ಪಾಪ" ಎಂದು ಕೂಗುತ್ತೀಯೇನೋ ಎಂದು ಕಾದೆ. ನೀನು ಎರಡೂ ಕೈ ಮೇಲೆತ್ತಿ, "ಹೊಡಿ! ಹೊಡಿ!" ಎಂದು ಕುಣಿಯುತ್ತಿದ್ದೆ. ಆ ಗಳಿಗೆಯಲ್ಲಿ ನಿನ್ನನ್ನು ಕ್ಷಮಿಸಿದೆ. ಅದಕ್ಕಿಂತ ಮೊದಲಲ್ಲ, ತಿಳಿದುಕೋ. ಕೈಕುಲುಕುವ ಸಾಲಿನಲ್ಲಿ ನಿನ್ನ ಕೈ ಹಿಡಿದದ್ದು ಅದಕ್ಕೇ.

ಇನ್ನು ಸುದ್ದಿ. ನಿಮ್ಮ ಬಸ್ಸು ಹೊರಟ ಮೇಲೆ ಟಾಡ್ ಚರ್ಚಿನ ಹಿಂದೆ ಬಂದ, ಚರ್ಮದ ಬೂಟಿನಲ್ಲಿ ಹಿಮದಲ್ಲಿ ಜಾರುತ್ತಾ. ಊರಿನ ಅರ್ಧ ಜನ ಅಲ್ಲೇ ಕೋಳಿ ಸಾರು ಕುಡಿಯುತ್ತಾ ನಿಂತಿದ್ದರು.

"ಕೋಚ್, ಸೋಮವಾರ ಹತ್ತು ಗಂಟೆಗೆ ಆಫೀಸಲ್ಲಿ ಮಾತಾಡೋಣ."

"ನಾಲ್ಕು ಗಂಟೆಗೆ ರಿಂಕಿಗೆ ಬನ್ನಿ. ಸ್ಕೇಟು ತನ್ನಿ, ಇಲ್ದಿದ್ರೆ ನಾನೇ ಹುಡುಕಿ ಕೊಡ್ತೀನಿ" ಎಂದೆ. ನಾರ್ಮಂಡ್ ಅವನ ಕೈಗೊಂದು ಬಟ್ಟಲು ಸಾರು ಕೊಟ್ಟ. ಪಾಪ, ಕುಡಿದ.

ಇವತ್ತು ಬೆಳಗ್ಗೆ ಕಾಲೇಜಿನ ಈಗಿನ ಅಧ್ಯಕ್ಷೆಯೇ ಫೋನ್ ಮಾಡಿದರು. ಎಷ್ಟೋ ದಿನದಿಂದ ನಿದ್ದೆಯಿಲ್ಲದವರ ದನಿ. "ಮಿಸ್ ಡೇಗಲ್, ನಿಮ್ಮ ಹುಡುಗೀರಿಗೆ ಗಂಟೆ ಬಾರಿಸೋದನ್ನ ನಿಲ್ಲಿಸೋಕೆ ಹೇಳ್ತೀರಾ?" ಎಂದರು. ಯಾವ ಗಂಟೆ ಎಂದು ಕೇಳಿದೆ. ಆಸ್ಪತ್ರೆಗೆ ಹೋಗುವ ನಮ್ಮ ನರ್ಸಿಂಗ್ ಹುಡುಗಿಯರು ಫೆಬ್ರವರಿ ಮೂರರಿಂದ ದಿನಾ ಬೆಳಗಿನ ಐದಕ್ಕೆ ಅವರ ಮನೆಯ ಗಂಟೆ ಬಾರಿಸಿ, "ಗುಡ್ ಮಾರ್ನಿಂಗ್ ಮೇಡಂ, ಡ್ಯೂಟಿಗೆ ಹೊರಟಿದೀವಿ, ಪ್ರಾಕ್ಟೀಸಿಗೆ ಬರೋಕಾಗಲ್ಲ" ಎಂದು ಹೇಳಿ ಹೋಗುತ್ತಿದ್ದರಂತೆ! ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ಹಳೆಯ ಕಥೆಯನ್ನು ಬಸ್ಸಿನಲ್ಲಿ ಯಾವತ್ತೋ ಹೇಳಿದ್ದೆ ಅಷ್ಟೇ. ಮಲಗಿದ್ದಾರೆ ಅಂದುಕೊಂಡಿದ್ದೆ, ಕೇಳಿಸಿಕೊಂಡಿದ್ದರು. ಫೋನ್ ಹಿಡಿದುಕೊಂಡೇ ಅತ್ತೆ ಆಲ್ಡನ್. ಹೆಮ್ಮೆಗೆ ಎದೆ ಒಡೆಯುತ್ತದೆಯೋ ಅನ್ನಿಸಿತು.

ನಾಲ್ಕು ಗಂಟೆ ನಮಗೆ ವಾಪಸು. ನಾಳೆ ನಾನು ಬೆಂಚಿಗೆ ವಾಪಸು. ಬೋರ್ಡಿನ ಮಾತು ಬಿಟ್ಟರು, ಪೀಡೆ ತೊಲಗಿತು. "ಮುಂದಿನ ವರ್ಷದ ಬಗ್ಗೆ ಬೇಸಿಗೇಲಿ ಯೋಚನೆ ಮಾಡೋಣ" ಎಂದರು. "ಮಾಡಿ, ನನಗೆ ಯೋಚನೆ ಇಲ್ಲ. ನವೆಂಬರಿಗೆ ಹಾರ್ಲೋ ಜೊತೆ ಆಟ ಇದೆ" ಎಂದೆ.

ಆ ಸಿರಪ್ ಡಬ್ಬ ನಿನ್ನ ಕೋಟಿನ ಜೇಬಿನಲ್ಲಿ ಉಬ್ಬಿ ಕಾಣುತ್ತಿತ್ತು. ಅಂಚೆಯಲ್ಲಿ ಕಳಿಸು.

ಇನ್ನು ಸೋತವಳ ಹಕ್ಕಿನ ಗೊಣಗಾಟ. ನಿನ್ನೆ ಹಿಮದಲ್ಲಿ ನಿಂತು ಮೊಣಕಾಲು ಎರಡೂ ಬಾತುಕೊಂಡಿವೆ. ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ಮಲಗಿದೆ. ಈ ಚಳಿ ಸಾಕು, ಈ ಬಸ್ಸು ಸಾಕು, ಈ ಹಲ್ಲಿನವರು ಸಾಕು. ಯಾರಾದರೂ ಬಂದು ಈ ಸೀಟಿ ತೆಗೆದುಕೊಂಡು ಹೋದರೆ ಪುಣ್ಯ ಬರುತ್ತದೆ.

ಇದು ಸೋತವಳ ಕಾಗದ, ಆಲ್ಡನ್. ಓದು, ಎದುರಾಡಬೇಡ, ಯಾರಿಗೂ ಫೋನ್ ಮಾಡಬೇಡ. ನಾಳೆ ನಾಲ್ಕಕ್ಕೆ ನಾನು ಐಸ್ ಮೇಲಿರುತ್ತೇನೆ.

ಒಡೆಟ್